ಗಾಳಿಯಿಂದ ತಣಿಯುವ ಹಳೆಯ ಕಾರಿಗೆ ಎಸಿ: ಬಿಸಿಲ ಜಿಲ್ಲೆಯಲ್ಲಿ ಎಷ್ಟು ಸಾಧ್ಯ?

ಕೊಪ್ಪಳ: ಯುಗಾದಿ ಕಳೆದು ಮದುವೆಯ ಮುಹೂರ್ತಗಳು ಆರಂಭವಾಗುವ ಹೊತ್ತಿಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಮಧ್ಯಾಹ್ನದ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಕೆಲವು ದಿನ ಅದನ್ನೂ ದಾಟುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಬಾಗಿಲು ತೆಗೆದರೆ ಒಲೆಯ ಬಾಯಿ ತೆರೆದಂತಾಗುವುದು ಇಲ್ಲಿನವರಿಗೆ ಹೊಸ ಅನುಭವವಲ್ಲ. ಹೊಸ ಕಾರಿನವರು ಎಸಿ ಗುಂಡಿ ಒತ್ತಿ ಮುಂದೆ ಸಾಗುತ್ತಾರೆ. ಆದರೆ ಹಿರಿಯರು ಕೊಂಡ ಹಳೆಯ ಕಾರನ್ನು ಮಾರಲು ಮನಸ್ಸಿಲ್ಲದೆ ಉಳಿಸಿಕೊಂಡವರಿಗೆ, ಅಥವಾ ಬೆಂಗಳೂರು, ಹೈದರಾಬಾದ್ ಕಡೆಯಿಂದ ಆಸೆಪಟ್ಟು ಹಳೆಯ ಕಾರು ಕೊಂಡು ತಂದವರಿಗೆ ಬೇಸಿಗೆಯ ಮೂರು ತಿಂಗಳು ಆ ಕಾರು ಮನೆಯ ಮುಂದಿನ ಅಲಂಕಾರವಾಗಿಯೇ ಉಳಿಯುತ್ತದೆ. ಮನೆಯ ವೃದ್ಧರನ್ನು ಅದರಲ್ಲಿ ಕೂರಿಸಿಕೊಂಡು ಮಧ್ಯಾಹ್ನ ಹೊರಡುವ ಧೈರ್ಯ ಯಾರಿಗೂ ಆಗುವುದಿಲ್ಲ.

ಹೀಗಾಗಿ ‘ಹಳೆಯ ಕಾರಿಗೆ ಎಸಿ ಕೂರಿಸಬಹುದೇ’ ಎಂಬ ಪ್ರಶ್ನೆ ಏಳುವುದು ಸಹಜ. ಕೂರಿಸಬಹುದು. ಜಗತ್ತಿನ ಅನೇಕ ಕಡೆ ಕೂರಿಸಿದ್ದಾರೆ. ಆದರೆ ಕಾರು ನೀರಿನಿಂದ ತಣಿಯುವ ಎಂಜಿನ್ನಿನದೋ, ಗಾಳಿಯಿಂದ ತಣಿಯುವ ಎಂಜಿನ್ನಿನದೋ ಎಂಬುದರ ಮೇಲೆ ಕೆಲಸದ ಸ್ವರೂಪವೇ ಬದಲಾಗುತ್ತದೆ. ಎರಡನೆಯ ಬಗೆಯ ಕಾರಿನಲ್ಲಿ ಎಸಿ ಕೆಟ್ಟರೆ ಹೋಗುವುದು ಎಸಿ ಮಾತ್ರವಲ್ಲ. ಲೆಕ್ಕ ತಪ್ಪಿದರೆ ಎಂಜಿನ್ನೇ ಹೋಗುತ್ತದೆ. ಐವತ್ತು ವರ್ಷ ಹಳೆಯ ಎಂಜಿನ್ನಿಗೆ ಬಿಡಿಭಾಗ ಹುಡುಕುವ ಕಷ್ಟ ಅದನ್ನು ಅನುಭವಿಸಿದವರಿಗೇ ಗೊತ್ತು.

2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್, ಒಂದು ಕಾಲದ ಮನೆಮಾತಾಗಿದ್ದ ಪ್ರೀಮಿಯರ್ ಪದ್ಮಿನಿ, ಮಾರುತಿ 800 ಇವೆಲ್ಲ ನೀರಿನ ರೇಡಿಯೇಟರ್ ಇರುವ ಕಾರುಗಳು. ಗಾಳಿಯಿಂದ ತಣಿಯುವ ಕಾರುಗಳ ಪೈಕಿ ಹೆಚ್ಚು ಪ್ರಸಿದ್ಧವಾದುದು ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್. 2003ರ ಜುಲೈನಲ್ಲಿ ಮೆಕ್ಸಿಕೊದಲ್ಲಿ ಕೊನೆಯ ಕಾರು ಹೊರಬರುವವರೆಗೆ 2 ಕೋಟಿ 15 ಲಕ್ಷಕ್ಕೂ ಹೆಚ್ಚು ಬೀಟಲ್‌ಗಳು ತಯಾರಾದವು. ಭಾರತದಲ್ಲಿ ಅದು ತಯಾರಾಗಲಿಲ್ಲ. ಇಲ್ಲಿರುವವು ಹೊರಗಿನಿಂದ ಬಂದವು. 1998ರವರೆಗಿನ ಪೋರ್ಷೆ 911, ಫ್ರಾನ್ಸಿನ ಸಿಟ್ರೊಯೆನ್ 2ಸಿವಿ, ಇಟಲಿಯ ಹಳೆಯ ಫಿಯೆಟ್ 500 ಇದೇ ಗುಂಪಿಗೆ ಸೇರುತ್ತವೆ. ಕರ್ನಾಟಕಕ್ಕೂ ಇಲ್ಲಿ ಒಂದು ಸಣ್ಣ ಪಾಲಿದೆ. 1970ರ ದಶಕದಲ್ಲಿ ಬೆಂಗಳೂರಿನ ಸನ್‌ರೈಸ್ ಕಂಪನಿ ‘ಬಾದಲ್’ ಎಂಬ ಮೂರು ಚಕ್ರದ ಕಾರನ್ನು ಹೊರತಂದಿತ್ತು. ಅದರ ಹಿಂಬದಿಯಲ್ಲಿದ್ದುದು 198 ಸಿಸಿಯ, ಒಂದೇ ಸಿಲಿಂಡರಿನ ಎರಡು ಸ್ಟ್ರೋಕಿನ ಎಂಜಿನ್. ಎಲ್ಲಿಯಾದರೂ ಬಾದಲ್ ಉಳಿದಿದ್ದರೆ ಅದಕ್ಕೆ ಎಸಿಯ ಮಾತೇ ಬೇಡ. ಆ ಎಂಜಿನ್ನಿಗೆ ತನ್ನ ಪ್ರಯಾಣಿಕರನ್ನು ಎಳೆಯುವುದೇ ಸಾಕಷ್ಟು ಕೆಲಸ.

ಗಾಳಿಯಿಂದ ತಣಿಯುವ ಎಂಜಿನ್ ಎಂದರೆ ಏನೆಂಬುದು ಈ ಭಾಗದ ರೈತರಿಗೆ ವಿವರಿಸಬೇಕಾಗಿಲ್ಲ. ಹಳೆಯ ಐಷರ್ ಟ್ರಾಕ್ಟರ್ ನಡೆಸಿದವರಿಗೆ ಸಿಲಿಂಡರಿನ ಸುತ್ತ ಇರುವ ಪದರ ಪದರವಾದ ರೆಕ್ಕೆಗಳು ಗೊತ್ತು. ಅವುಗಳ ನಡುವೆ ಹೊಟ್ಟು, ಎಣ್ಣೆ ಬೆರೆತ ಮಣ್ಣು ಕೂತರೆ ಎಂಜಿನ್ ಕಾಯುವುದೂ ಗೊತ್ತು. ಬೈಕಿನಲ್ಲಿ ಇದೇ ರೆಕ್ಕೆಗಳಿಗೆ ಎದುರು ಗಾಳಿ ಬಡಿಯುತ್ತದೆ. ಬೀಟಲ್‌ನಲ್ಲಿ ಎಂಜಿನ್ ಹಿಂದೆ, ಮುಚ್ಚಿದ ಗೂಡಿನಲ್ಲಿ ಇರುವುದರಿಂದ ಎದುರು ಗಾಳಿ ಅದಕ್ಕೆ ಸಿಗುವುದಿಲ್ಲ. ಬೆಲ್ಟಿನಿಂದ ತಿರುಗುವ ಒಂದು ದೊಡ್ಡ ಫ್ಯಾನ್ ಹಿಂಬದಿಯ ಕಿಂಡಿಗಳಿಂದ ಗಾಳಿಯನ್ನು ಹೀರಿ, ತಗಡಿನ ಹೊದಿಕೆಯೊಳಗೆ ನುಗ್ಗಿಸಿ, ನಾಲ್ಕು ಸಿಲಿಂಡರುಗಳ ಮೇಲೆ ಹಾಯಿಸಿ ಕೆಳಗೆ ಬಿಡುತ್ತದೆ. ಅದೇ ಬೆಲ್ಟು ಡೈನಮೊವನ್ನೂ ತಿರುಗಿಸುತ್ತದೆ. ಬೆಲ್ಟು ಹರಿದರೆ ಚಾರ್ಜಿನ ಕೆಂಪು ದೀಪ ಹತ್ತುತ್ತದೆ. ಬೇರೆ ಕಾರಿನಲ್ಲಿ ಆ ದೀಪ ಹತ್ತಿದರೂ ಮುಂದಿನ ಊರಿನವರೆಗೆ ಹೋಗಬಹುದು. ಇದರಲ್ಲಿ ಅಲ್ಲಿಯೇ ನಿಲ್ಲಬೇಕು.

ಎಸಿಯ ಬಗ್ಗೆ ಜನರಲ್ಲಿ ಒಂದು ತಪ್ಪು ಕಲ್ಪನೆ ಇದೆ. ಎಸಿ ತಂಪನ್ನು ಹುಟ್ಟಿಸುವುದಿಲ್ಲ. ಕಾರಿನೊಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುತ್ತದೆ. ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಗ್ಯಾಸ್ ಶಾಖವನ್ನು ಹೀರುತ್ತದೆ, ಕಂಪ್ರೆಸರ್ ಅದನ್ನು ಒತ್ತಿ ಕಂಡೆನ್ಸರಿಗೆ ಕಳುಹಿಸುತ್ತದೆ, ಕಂಡೆನ್ಸರ್ ಆ ಶಾಖವನ್ನು ಹೊರಗಿನ ಗಾಳಿಗೆ ಬಿಡುತ್ತದೆ. ಒಂದು ಟನ್ ಎಸಿ ಎಂದರೆ ಸುಮಾರು 3.5 ಕಿಲೋವಾಟ್ ಶಾಖವನ್ನು ಹೊರಹಾಕುವ ಸಾಮರ್ಥ್ಯ. ಅದಕ್ಕಾಗಿ ಕಂಪ್ರೆಸರಿಗೆ ಬಿಸಿಲಿನ ದಿನ 2 ಕಿಲೋವಾಟ್‌ನಷ್ಟು ಶಕ್ತಿ ಬೇಕೆಂದು ಹಿಡಿದರೆ, ಅದೂ ಶಾಖವಾಗಿ ಕಂಡೆನ್ಸರಿಗೇ ಬರುತ್ತದೆ. ಅಂದರೆ ಹೊರಗೆ ಬೀಳುವುದು ಐದೂವರೆ ಕಿಲೋವಾಟ್. ಐದು ಇಸ್ತ್ರಿ ಪೆಟ್ಟಿಗೆಗಳನ್ನು ಒಟ್ಟಿಗೆ ಕಾಯಿಸಿದಷ್ಟು ಶಾಖ ಇದು.

ಈ ಶಾಖವನ್ನು ಎಲ್ಲಿ ಬಿಡುವುದು? ಇಡೀ ಕೆಲಸದ ಕಠಿಣ ಪ್ರಶ್ನೆ ಇದೇ. ಅಂಬಾಸಿಡರಿನಲ್ಲಿ ಕಂಡೆನ್ಸರನ್ನು ರೇಡಿಯೇಟರಿನ ಮುಂದೆ ನಿಲ್ಲಿಸಿದರೆ ಎದುರು ಗಾಳಿ ಸಿಗುತ್ತದೆ. ರೇಡಿಯೇಟರಿಗೆ ಸ್ವಲ್ಪ ಹೊರೆಯಾದರೂ ನೀರು ತಾಳಿಕೊಳ್ಳುತ್ತದೆ, ಮುಳ್ಳು ಮೇಲೇರಿದರೆ ಚಾಲಕನಿಗೆ ಕಾಣುತ್ತದೆ. ಬೀಟಲ್‌ನಲ್ಲಿ ಮುಂದೆ ರೇಡಿಯೇಟರೂ ಇಲ್ಲ, ಗಾಳಿ ಒಳಬರುವ ಜಾಲರಿಯೂ ಇಲ್ಲ. ಹಿಂದೆ, ಎಂಜಿನ್ನಿನ ಮುಚ್ಚಳದ ಬಳಿ ಇರಿಸಿದರೆ ಕೊಳವೆ ಗಿಡ್ಡವಾಗುತ್ತದೆ, ಕೆಲಸ ಸುಲಭವಾಗುತ್ತದೆ. ಆದರೆ ಫ್ಯಾನ್ ಹೀರುವುದು ಕಂಡೆನ್ಸರಿನ ಮೂಲಕ ಬಂದ ಬಿಸಿ ಗಾಳಿಯನ್ನೇ. ಫ್ಯಾನ್ ಸೆಕೆಂಡಿಗೆ ಅರ್ಧ ಘನ ಮೀಟರ್ ಗಾಳಿ ಹೀರುತ್ತದೆ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಐದೂವರೆ ಕಿಲೋವಾಟ್ ಶಾಖ ಆ ಗಾಳಿಯನ್ನು ಸುಮಾರು 10 ಡಿಗ್ರಿ ಬಿಸಿ ಮಾಡುತ್ತದೆ. ಕುಷ್ಟಗಿಯ 41 ಡಿಗ್ರಿ ಎಂಜಿನ್ ಮುಟ್ಟುವಾಗ 51 ಆಗಿರುತ್ತದೆ. ಜರ್ಮನಿಯ ಚಳಿಯನ್ನು ಕಂಡು ರೂಪಿಸಿದ ಎಂಜಿನ್ ಅದು ಎಂಬುದನ್ನು ಮರೆಯುವಂತಿಲ್ಲ.

ದೊಡ್ಡ ಕಂಪನಿಗಳೂ ಇದೇ ಪ್ರಶ್ನೆಯಲ್ಲಿ ತಡವರಿಸಿವೆ. ಕಾರಿಗೆ ಮೊದಲ ಬಾರಿ ಎಸಿ ಕೊಟ್ಟ ಅಮೆರಿಕದ ಪ್ಯಾಕರ್ಡ್ ಕಂಪನಿಯ 1940ರ ಮಾದರಿಯಲ್ಲಿ ಕಂಪ್ರೆಸರ್ ನಿಲ್ಲಿಸಲು ಗುಂಡಿಯೇ ಇರಲಿಲ್ಲ. ಎಂಜಿನ್ ನಿಲ್ಲಿಸಿ ಬೆಲ್ಟ್ ಕಳಚಬೇಕಿತ್ತು. ಅದಾದರೂ ನೀರಿನ ಎಂಜಿನ್. ಹಳೆಯ ಪೋರ್ಷೆ 911ರಲ್ಲಿ ಒಂದು ಕಂಡೆನ್ಸರ್ ಮುಂದೆ, ಇನ್ನೊಂದು ಹಿಂಬದಿಯ ಎಂಜಿನ್ ಮುಚ್ಚಳದಲ್ಲಿ ಇರುತ್ತಿತ್ತು. ಇಂದು ಆ ಕಾರುಗಳನ್ನು ದುರಸ್ತಿ ಮಾಡಿಸುವ ಅನೇಕರು ಮುಚ್ಚಳದ ಕಂಡೆನ್ಸರನ್ನು ತೆಗೆದು, ಚಕ್ರದ ಗೂಡಿನೊಳಗೆ ತನ್ನದೇ ಫ್ಯಾನ್ ಇರುವ ಬೇರೆ ಕಂಡೆನ್ಸರ್ ಹಾಕಿಸುತ್ತಾರೆ. ಎಂಜಿನ್ ಹೀರುವ ಗಾಳಿಗೂ ಎಸಿ ಉಗುಳುವ ಗಾಳಿಗೂ ಸಂಬಂಧ ಇರಬಾರದು ಎಂಬುದನ್ನು ಅವರು ಅನುಭವದಿಂದ ಕಲಿತಿದ್ದಾರೆ.

ಬೀಟಲ್‌ಗೆ ಈ ನಿಯಮ ಅನ್ವಯಿಸಿದರೆ ಕಂಡೆನ್ಸರಿಗೆ ಉಳಿಯುವ ಜಾಗ ಮುಂಭಾಗದ ತಳ, ಅಥವಾ ಪಕ್ಕದ ಫುಟ್‌ಬೋರ್ಡಿನ ಕೆಳಗೆ. ಎರಡೂ ಕಡೆ ವಿದ್ಯುತ್ ಫ್ಯಾನ್ ಕಡ್ಡಾಯ, ಏಕೆಂದರೆ ಅಲ್ಲಿ ಗಾಳಿ ತಾನಾಗಿ ಹಾಯುವುದಿಲ್ಲ. ಪುಸ್ತಕದ ಈ ಪರಿಹಾರಕ್ಕೆ ನಮ್ಮ ರಸ್ತೆಗಳ ತಕರಾರು ಬೇರೆಯೇ ಇದೆ. ಯಲಬುರ್ಗಾದ ಎರೆ ಭೂಮಿಯ ನಡುವಿನ ರಸ್ತೆಗಳ ದೂಳು ಹಿಟ್ಟಿನಂತೆ ನುಣುಪು. ಎಣ್ಣೆ ಪಸೆ ಇದ್ದಲ್ಲಿ ಅಂಟಿ ಕೂರುತ್ತದೆ. ಗಿಣಿಗೇರಿ ಸುತ್ತ ಕಬ್ಬಿಣದ ಕಾರ್ಖಾನೆಗಳ ಕಪ್ಪು ದೂಳು. ಗಂಗಾವತಿ ಕಡೆ ಭತ್ತದ ಕೊಯ್ಲಿನ ದಿನಗಳಲ್ಲಿ ಗಾಳಿಯಲ್ಲೆಲ್ಲ ಹೊಟ್ಟು. ನೆಲಕ್ಕೆ ಗೇಣು ಎತ್ತರದಲ್ಲಿರುವ ಕಂಡೆನ್ಸರಿನ ಸಣ್ಣ ಜಾಲಿಗಳು ಒಂದು ತಿಂಗಳಲ್ಲಿ ಮುಚ್ಚಿಹೋದರೆ ಆಶ್ಚರ್ಯವಿಲ್ಲ. ಹಾರ್ವೆಸ್ಟರ್ ನಡೆಸುವವರು ದಿನಕ್ಕೊಮ್ಮೆ ಜಾಲಿಗೆ ಗಾಳಿ ಹೊಡೆಯುತ್ತಾರಲ್ಲ, ಆ ಅಭ್ಯಾಸ ಇಲ್ಲಿಯೂ ಬೇಕು. ಕಲ್ಲು ಸಿಡಿಯದಂತೆ ಕೆಳಗೆ ಕಬ್ಬಿಣದ ಬಲೆ ಬೇಕು. ರೋಡ್ ಹಂಪ್‌ಗೆ ತಳ ತಾಗುತ್ತದೆಯೇ ಎಂದು ನಾಲ್ಕು ಜನರನ್ನು ಕೂರಿಸಿಯೇ ಅಳೆಯಬೇಕು. ಖಾಲಿ ಕಾರಿನ ಅಳತೆ ಪ್ರಯೋಜನಕ್ಕೆ ಬಾರದು.

ಮೊದಲು ಎಂಜಿನ್, ನಂತರ ಎಸಿ

ಎಸಿ ಕೂರಿಸುವ ಮೊದಲು ಎಂಜಿನ್ ತನ್ನ ಶಾಖವನ್ನು ತಾನು ಸರಿಯಾಗಿ ಕಳೆದುಕೊಳ್ಳುತ್ತಿದೆಯೇ ಎಂದು ನೋಡಬೇಕು. ಹಳೆಯ ಬೀಟಲ್‌ಗಳಲ್ಲಿ ಹೆಚ್ಚಾಗಿ ಕಾಣುವ ದೋಷ ತಗಡಿನ ಹೊದಿಕೆಯದು. ಎಂಜಿನ್ನಿನ ಸುತ್ತಲಿನ ತಗಡು ಮತ್ತು ಕಾರಿನ ಮೈ ನಡುವೆ ಒಂದು ರಬ್ಬರ್ ಪಟ್ಟಿ ಇರುತ್ತದೆ. ಮೇಲಿನ ತಂಪು ಗಾಳಿಯನ್ನು ಕೆಳಗಿನ ಬಿಸಿ ಗಾಳಿಯಿಂದ ಬೇರ್ಪಡಿಸುವುದು ಅದರ ಕೆಲಸ. ಬಿಸಿಲಿಗೆ ಆ ರಬ್ಬರ್ ಒಣಗಿ ಉದುರುತ್ತದೆ. ದುರಸ್ತಿ ಮಾಡುವಾಗ ಯಾರೋ ಒಂದು ತಗಡು ಬಿಚ್ಚಿ, ‘ಇದಿಲ್ಲದಿದ್ದರೂ ಓಡುತ್ತದೆ’ ಎಂದು ಮೂಲೆಗೆ ಎಸೆದಿರುತ್ತಾರೆ. ಓಡುತ್ತದೆ ನಿಜ, ಆದರೆ ಸೈಲೆನ್ಸರಿನ ಬಿಸಿ ಗಾಳಿಯನ್ನೇ ಫ್ಯಾನ್ ಮತ್ತೆ ಹೀರುತ್ತಿರುತ್ತದೆ. ಈ ಪಟ್ಟಿಗೆ ತಗಲುವ ಖರ್ಚು ಅತ್ಯಲ್ಪ. ಅದನ್ನು ಮಾಡದೆ ಎಸಿಗೆ ಹಣ ಸುರಿಯುವುದು ಸೋರುವ ಕೊಡಕ್ಕೆ ಬಣ್ಣ ಹಚ್ಚಿದಂತೆ.

ಎರಡನೆಯದು ಎಣ್ಣೆ. ಬೀಟಲ್ ಎಂಜಿನ್ನಿನಲ್ಲಿರುವುದು ಎರಡೂವರೆ ಲೀಟರ್ ಎಣ್ಣೆ ಮಾತ್ರ. ಅದು ಜಾರಿಸುವ ಕೆಲಸದ ಜೊತೆಗೆ ಶಾಖ ಒಯ್ಯುವ ಕೆಲಸವನ್ನೂ ಮಾಡುತ್ತದೆ. ಹಳೆಯ ಮಾದರಿಗಳಲ್ಲಿ ಎಣ್ಣೆ ತಣಿಸುವ ಕೂಲರ್ ಫ್ಯಾನಿನ ಹೊದಿಕೆಯೊಳಗೇ ನಿಂತು ಮೂರನೆಯ ಸಿಲಿಂಡರಿಗೆ ಹೋಗುವ ಗಾಳಿಯನ್ನು ತಡೆಯುತ್ತಿತ್ತು. ಹೀಗಾಗಿ ಆ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಮೊದಲು ಸುಡುವುದು ಬೀಟಲ್ ಬಲ್ಲವರಿಗೆಲ್ಲ ಗೊತ್ತಿರುವ ಕಥೆ. 1970ರ ದಶಕದ ಆರಂಭದಲ್ಲಿ ಕಂಪನಿ ಕೂಲರನ್ನು ಹೊದಿಕೆಯಿಂದ ಹೊರಕ್ಕೆ ಸರಿಸಿ ಪ್ರತ್ಯೇಕ ಗಾಳಿಯ ದಾರಿ ಮಾಡಿತು. ಎಸಿ ಹಾಕಿಸುವವರಲ್ಲಿ ಹಳೆಯ ಬಗೆಯ ಹೊದಿಕೆ ಇದ್ದರೆ ಅದನ್ನು ಹೊಸ ಬಗೆಗೆ ಬದಲಿಸುವುದು, ಇಲ್ಲವೇ ತಳದಲ್ಲಿ ಹೆಚ್ಚುವರಿ ಎಣ್ಣೆ ಕೂಲರ್ ಜೋಡಿಸುವುದು ಒಳಿತು.

ಕಂಪನಿ ಕೊಟ್ಟ ಬೀಟಲ್‌ನಲ್ಲಿ ಎಂಜಿನ್ ತಾಪ ತೋರಿಸುವ ಮುಳ್ಳೇ ಇಲ್ಲ. ನೀರಿಲ್ಲದ ಮೇಲೆ ಕುದಿಯುವ ಸೂಚನೆ, ಬಾನೆಟ್‌ನಿಂದ ಏಳುವ ಹಬೆ ಯಾವುದೂ ಇರುವುದಿಲ್ಲ. ಎಂಜಿನ್ ಸದ್ದಿಲ್ಲದೆ ಕಾಯುತ್ತದೆ, ಸದ್ದಿಲ್ಲದೆ ಹಿಡಿದುಕೊಳ್ಳುತ್ತದೆ. ಆದ್ದರಿಂದ ಎಣ್ಣೆಯ ತಾಪ ತೋರಿಸುವ ಗೇಜು ಎಸಿಗಿಂತ ಮೊದಲು ಬರಬೇಕಾದ ವಸ್ತು. ಎಣ್ಣೆ 80ರಿಂದ 110 ಡಿಗ್ರಿಯೊಳಗಿದ್ದರೆ ಚಿಂತೆಯಿಲ್ಲ. 120 ದಾಟಿದರೆ ಎಸಿ ನಿಲ್ಲಲೇಬೇಕು. ಚಾಲಕನ ನೆನಪಿಗೆ ಬಿಡುವ ಬದಲು ಆ ತಾಪದಲ್ಲಿ ತಾನಾಗಿ ಕಂಪ್ರೆಸರ್ ಕಡಿತಗೊಳಿಸುವ ಸ್ವಿಚ್ ಜೋಡಿಸುವುದು ಹೆಚ್ಚು ನಂಬಿಕೆಯ ದಾರಿ.

ಬಲ ಎಲ್ಲಿಂದ, ಕರೆಂಟ್ ಎಲ್ಲಿಂದ?

1200 ಸಿಸಿಯ ಬೀಟಲ್ ಎಂಜಿನ್ನಿನ ಶಕ್ತಿ 34 ಅಶ್ವಶಕ್ತಿ. 1600 ಸಿಸಿಯದು 50. ಇದರಲ್ಲಿ ಎಸಿ ಮೂರು ಅಶ್ವಶಕ್ತಿ ಕೇಳುತ್ತದೆ, ಬಿಸಿಲು ಏರಿದಂತೆ ಇನ್ನೂ ಹೆಚ್ಚು. ಹಿಂದೆ ಅಮೆರಿಕದಲ್ಲಿ ಈ ಕಾರಿಗೆ ಹಾಕುತ್ತಿದ್ದ ಯಾರ್ಕ್ ಕಂಪನಿಯ ಎರಡು ಪಿಸ್ಟನ್ನಿನ ಕಂಪ್ರೆಸರ್ ತೂಕದ್ದು, ನಡುಕ ಹೆಚ್ಚು. ಈಗ ಬಳಕೆಯಲ್ಲಿರುವುದು ದುಂಡನೆಯ, ಐದು ಪಿಸ್ಟನ್ನಿನ ಬಗೆ. ಸ್ಯಾಂಡೆನ್ ಕಂಪನಿಯ ಆ ಬಗೆಯಲ್ಲಿ 508 ಎಂಬ ಮಾದರಿ 138 ಸಿಸಿಯದು, 505 ಎಂಬುದು 87 ಸಿಸಿಯದು. ‘ದೊಡ್ಡದು ಹಾಕಿದರೆ ಹೆಚ್ಚು ತಂಪು’ ಎಂಬ ಆಸೆಗೆ ಬಿದ್ದು ದೊಡ್ಡದನ್ನು ಆಯ್ದರೆ ಸಣ್ಣ ಎಂಜಿನ್ ಏದುಸಿರು ಬಿಡುತ್ತದೆ. ಬೀಟಲ್‌ನಂತಹ ಕಿರಿದಾದ ಕಾರಿಗೆ ಸಣ್ಣದೇ ಸಾಕು. ಬಿಡಿಭಾಗದ ದೃಷ್ಟಿಯಿಂದ ಮಾರುತಿ 800, ಆಲ್ಟೊದಂತಹ ಕಾರುಗಳ ಸಣ್ಣ ಕಂಪ್ರೆಸರ್ ಸುಲಭವಾಗಿ ಸಿಗುತ್ತದೆ. ದುರಸ್ತಿ ಬಲ್ಲವರೂ ಸಿಗುತ್ತಾರೆ. ಅದನ್ನು ಹಿಡಿದು ನಿಲ್ಲಿಸುವ ಕಬ್ಬಿಣದ ಪಟ್ಟಿಯನ್ನು ಮಾತ್ರ ಲೇತ್ ಅಂಗಡಿಯಲ್ಲಿ ಅಳತೆಗೆ ಸರಿಯಾಗಿ ಮಾಡಿಸಬೇಕು. ಪುಲಿಗಳ ಸಾಲು ಕೂದಲೆಳೆಯಷ್ಟು ಓರೆಯಾದರೂ ಬೆಲ್ಟು ಮೇಲಿಂದ ಮೇಲೆ ಹರಿಯುತ್ತದೆ. ಫ್ಯಾನ್ ತಿರುಗಿಸುವ ಬೆಲ್ಟಿಗೇ ಕಂಪ್ರೆಸರನ್ನೂ ಕಟ್ಟುವುದು ಎಂದಿಗೂ ಸಲ್ಲದು. ಎಸಿಯ ಬೆಲ್ಟ್ ಹರಿದರೆ ಸೆಕೆ ಆಗುತ್ತದೆ, ಅಷ್ಟೆ; ಫ್ಯಾನಿನ ಬೆಲ್ಟ್ ಹರಿದರೆ ಎಂಜಿನ್ ಸುಡುತ್ತದೆ.

ಕರೆಂಟಿನ ಲೆಕ್ಕವನ್ನು ಅನೇಕರು ಮರೆಯುತ್ತಾರೆ. 1960ರ ದಶಕದ ಮಧ್ಯದವರೆಗಿನ ಬೀಟಲ್‌ಗಳು 6 ವೋಲ್ಟಿನವು. ಅವುಗಳಿಗೆ ಎಸಿ ಎಂದರೆ ಇಡೀ ವೈರಿಂಗ್ ಬದಲಿಸುವ ಮಾತು. ನಂತರದ 12 ವೋಲ್ಟಿನ ಕಾರುಗಳ ಡೈನಮೊ ಕೊಡುವುದು 30 ಆಂಪಿಯರ್. ಕಂಡೆನ್ಸರಿನ ಎರಡು ಫ್ಯಾನು, ಒಳಗಿನ ಬ್ಲೋವರ್, ಕಂಪ್ರೆಸರಿನ ಮ್ಯಾಗ್ನೆಟ್ ಕ್ಲಚ್ ಇವಿಷ್ಟೇ ಸೇರಿ 30 ಆಂಪಿಯರ್ ನುಂಗುತ್ತವೆ. ಸಂಜೆ ದೀಪ ಹಾಕಿದರೆ ಬ್ಯಾಟರಿಯಿಂದ ಸಾಲ ಶುರು. 55 ಆಂಪಿಯರ್ ಅಥವಾ ಅದಕ್ಕೂ ಮೇಲಿನ ಆಲ್ಟರ್ನೇಟರ್ ಹಾಕದೆ ಈ ಕೆಲಸಕ್ಕೆ ಕೈಹಾಕಬಾರದು. ಬ್ಯಾಟರಿಯಿಂದಲೇ ಓಡುವ ವಿದ್ಯುತ್ ಕಂಪ್ರೆಸರ್ ಈಗ ಮಾರುಕಟ್ಟೆಯಲ್ಲಿದೆ ನಿಜ. ಆದರೆ ಒಂದು ಕಿಲೋವಾಟಿನ ಕಂಪ್ರೆಸರಿಗೂ 12 ವೋಲ್ಟಿನಲ್ಲಿ 80ಕ್ಕೂ ಹೆಚ್ಚು ಆಂಪಿಯರ್ ಬೇಕು. ಹಳೆಯ ಕಾರಿಗೆ ಅದು ನಿಲುಕದ ಮಾತು.

ನಿಂತಲ್ಲಿಯೇ ಎಂಜಿನ್ ಓಡುವಾಗ ಫ್ಯಾನ್ ನಿಧಾನವಾಗಿ ತಿರುಗುತ್ತದೆ, ಎಸಿಯ ಹೊರೆ ಮಾತ್ರ ಹಾಗೆಯೇ ಇರುತ್ತದೆ. ಭತ್ತದ ಟ್ರಾಕ್ಟರುಗಳ ಸಾಲಿನ ಹಿಂದೆ ಗಂಗಾವತಿಯಲ್ಲಿ ಸಿಲುಕುವ ಹತ್ತು ನಿಮಿಷ ಹೆದ್ದಾರಿಯ ಒಂದು ಗಂಟೆಗಿಂತ ಅಪಾಯಕಾರಿ ಆಗುವುದು ಇದರಿಂದಲೇ. ಎಸಿ ಹಾಕಿದಾಗ ಎಂಜಿನ್ ವೇಗವನ್ನು ತುಸು ಏರಿಸುವ ಸಲಕರಣೆ, ಒತ್ತಡ ಮಿತಿ ಮೀರಿದರೆ ಕಂಪ್ರೆಸರ್ ನಿಲ್ಲಿಸುವ ಸ್ವಿಚ್ ಎರಡೂ ಅವಶ್ಯ.

ಗ್ಯಾಸ್ ಯಾವುದು?

ಕೆಲವು ಹಳೆಯ ಕಾರುಗಳಲ್ಲಿ ಎಸಿ ಮೊದಲೇ ಇದ್ದು ಕೆಟ್ಟು ನಿಂತಿರುತ್ತದೆ. ಅದನ್ನು ಸರಿಪಡಿಸುವವರು ಎದುರಿಸುವ ಮೊದಲ ತೊಡಕು ಗ್ಯಾಸಿನದು. ಆ ಕಾಲದ ಕಾರುಗಳಲ್ಲಿದ್ದುದು ಆರ್-12. ಓಝೋನ್ ಪದರವನ್ನು ಹರಿಯುತ್ತದೆಂಬ ಕಾರಣಕ್ಕೆ 1987ರ ಮಾಂಟ್ರಿಯಲ್ ಒಪ್ಪಂದ ಅದನ್ನು ನಿರ್ಬಂಧಿಸಿತು. ಭಾರತ 1992ರಲ್ಲಿ ಒಪ್ಪಂದ ಸೇರಿತು; 2010ರ ಜನವರಿ 1ರಿಂದ ಈ ಗುಂಪಿನ ಅನಿಲಗಳ ಬಳಕೆಗೆ ತೆರೆ ಬಿತ್ತು. ಅದರ ಜಾಗಕ್ಕೆ ಬಂದುದು ಆರ್-134ಎ. ಅದು ಓಝೋನಿಗೆ ಅಪಾಯಕಾರಿ ಅಲ್ಲ, ಆದರೆ ಭೂಮಿಯನ್ನು ಕಾಯಿಸುವ ಅನಿಲ. 2016ರ ಕಿಗಾಲಿ ತಿದ್ದುಪಡಿಯಡಿ ಅದನ್ನೂ ಹಂತಹಂತವಾಗಿ ಇಳಿಸಬೇಕಿದ್ದು, ಭಾರತ 2021ರಲ್ಲಿ ಅದಕ್ಕೆ ಒಪ್ಪಿಗೆ ನೀಡಿದೆ. ಸೋರುವ ಕಾರಿಗೆ ವರ್ಷಕ್ಕೆ ಎರಡು ಬಾರಿ ಗ್ಯಾಸ್ ತುಂಬಿಸುವ ರೂಢಿ ಜೇಬಿಗೂ ಹವೆಗೂ ಒಳ್ಳೆಯದಲ್ಲ.

ಆರ್-12ರ ಎಸಿಗೆ ಆರ್-134ಎ ತುಂಬಿಸಿ ಕಳುಹಿಸುವುದು ದುರಸ್ತಿ ಎನಿಸದು. ಹಳೆಯ ಖನಿಜ ಎಣ್ಣೆ ಹೊಸ ಗ್ಯಾಸಿನೊಂದಿಗೆ ಬೆರೆಯುವುದಿಲ್ಲ. ಕಂಪ್ರೆಸರಿಗೆ ಎಣ್ಣೆ ಮರಳದೆ ಅದು ಒಣಗಿ ಹಿಡಿದುಕೊಳ್ಳುತ್ತದೆ. ಹಳೆಯ ಎಣ್ಣೆಯನ್ನು ಪೂರ್ತಿ ತೊಳೆದು ಹೊಸ ಗ್ಯಾಸಿಗೆ ಒಗ್ಗುವ ಎಣ್ಣೆ ಹಾಕಬೇಕು. ಡ್ರೈಯರ್ ಬದಲಿಸಬೇಕು, ರಬ್ಬರ್ ರಿಂಗುಗಳನ್ನು ಬದಲಿಸಬೇಕು. ಹಳೆಯ ರಬ್ಬರ್ ಪೈಪಿನ ಗೋಡೆಯ ಮೂಲಕವೇ ಹೊಸ ಗ್ಯಾಸ್ ಜಿನುಗುವುದರಿಂದ ಒಳಪದರ ಇರುವ ಪೈಪ್ ಬೇಕು. ಬೀಟಲ್‌ನಲ್ಲಿ ಎಂಜಿನ್ ಹಿಂದೆ, ಕೂಲಿಂಗ್ ಕಾಯಿಲ್ ಮುಂದೆ ಇರುವುದರಿಂದ ಈ ಪೈಪ್ ಕಾರಿನ ಉದ್ದಕ್ಕೂ ಹೋಗಿ ಬರುತ್ತದೆ. ಒಂದೊಂದು ಜೋಡಣೆಯೂ ಸೋರಿಕೆಗೆ ಒಂದು ಬಾಗಿಲು. ಗ್ಯಾಸ್ ತುಂಬುವ ಮೊದಲು ವ್ಯಾಕ್ಯೂಮ್ ಪಂಪ್ ಹಚ್ಚಿ ಅರ್ಧ ಮುಕ್ಕಾಲು ಗಂಟೆ ಬಿಡುವುದನ್ನು ಅವಸರದಲ್ಲಿ ಹತ್ತು ನಿಮಿಷಕ್ಕೆ ಮುಗಿಸುವವರಿದ್ದಾರೆ. ಒಳಗೆ ಉಳಿದ ತೇವ ವಾಲ್ವಿನಲ್ಲಿ ಮಂಜಾಗಿ ಕಟ್ಟಿ, ಅರ್ಧ ದಾರಿಯಲ್ಲಿ ತಂಪು ನಿಲ್ಲುತ್ತದೆ.

ಹೊಸ ಗ್ಯಾಸಿನ ಪ್ರಮಾಣವೂ ಬೇರೆ. ಹಳೆಯದರ ತೂಕದ ಶೇ 80ರಿಂದ 90ರಷ್ಟು ಮಾತ್ರ ಬೇಕು. ಬಿಸಿಲ ನಾಡಿನಲ್ಲಿ ಇದು ಮುಖ್ಯ. ಹೊರಗೆ 40 ಡಿಗ್ರಿ ಇದ್ದಾಗ ಕಂಡೆನ್ಸರಿನೊಳಗಿನ ಗ್ಯಾಸ್ ಸುಮಾರು 60 ಡಿಗ್ರಿಗೆ ಏರಬೇಕು, ಇಲ್ಲದಿದ್ದರೆ ಶಾಖ ಹೊರಗೆ ಹರಿಯುವುದಿಲ್ಲ. ಆ ತಾಪದಲ್ಲಿ ಆರ್-12ರ ಒತ್ತಡ ಗೇಜಿನಲ್ಲಿ 205 ಪಿಎಸ್ಐ ಆಸುಪಾಸಿನಲ್ಲಿದ್ದರೆ ಆರ್-134ಎಯದು 230. ಅಂದರೆ ಹಳೆಯ ಕಂಡೆನ್ಸರ್ ಹೊಸ ಗ್ಯಾಸಿಗೆ ಸಾಲದು; ಹೆಚ್ಚು ಕಿರುಕೊಳವೆಗಳಿರುವ ಈಗಿನ ಬಗೆಯ ಕಂಡೆನ್ಸರ್ ಬೇಕು. ‘ತಂಪು ಸಾಲದು, ಇನ್ನೂ ಸ್ವಲ್ಪ ತುಂಬಿ’ ಎಂದರೆ ಒತ್ತಡ ಏರಿ ತಂಪು ಇಳಿಯುತ್ತದೆ. ಅಡುಗೆ ಅನಿಲವನ್ನೇ ತುಂಬಿದರೂ ತಂಪು ಬರುತ್ತದೆಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ಬರುತ್ತದೆ, ಆದರೆ ಸೋರಿದ ಅನಿಲ ಜನ ಕೂತ ಡಬ್ಬಿಯೊಳಗೆ ಸೇರುತ್ತದೆ. ಬೀಟಲ್‌ನಲ್ಲಂತೂ ಪೆಟ್ರೋಲ್ ಟ್ಯಾಂಕು ಮುಂಭಾಗದಲ್ಲಿ, ಕಾಯಿಲ್‌ಗೆ ಹತ್ತಿರದಲ್ಲಿಯೇ ಇದೆ. ಅಂತಹ ಸಲಹೆ ಕೊಟ್ಟವರ ಅಂಗಡಿಯಿಂದ ಎದ್ದು ಬರುವುದು ಕ್ಷೇಮ.

ಕಾನೂನು ಏನು ಹೇಳುತ್ತದೆ?

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2021ರಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ಜಾರಿಗೊಳಿಸಿತು. 50 ವರ್ಷ ಮೀರಿದ, ಮೂಲ ರೂಪದಲ್ಲಿಯೇ ಇರುವ, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗದ ವಾಹನಗಳಿಗೆ ಇದು ಸಲ್ಲುತ್ತದೆ. ಹೊಸ ನೋಂದಣಿಗೆ 20,000 ರೂ., ಮರುನೋಂದಣಿಗೆ 5,000 ರೂ. ಶುಲ್ಕವಿದ್ದು, ಅವಧಿ 10 ವರ್ಷ. ಈ ನೋಂದಣಿ ಪಡೆದ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಮುಂತಾದವುಗಳಿಗೆ ಹೊರತು ದಿನನಿತ್ಯ ಓಡಿಸುವಂತಿಲ್ಲ. ನಿತ್ಯ ಬಳಸುವ ಆಸೆಯಿಂದಲೇ ಎಸಿ ಹಾಕಿಸುವವರಿಗೆ ಈ ಷರತ್ತು ಮೊದಲೇ ತಿಳಿದಿರಬೇಕು.

ಎಸಿಗಾಗಿ ಮುಂಭಾಗದ ತಗಡು ಕೊರೆದು ಜಾಲರಿ ಇಟ್ಟರೆ, ಡ್ಯಾಶ್‌ಬೋರ್ಡ್ ಕತ್ತರಿಸಿದರೆ ‘ಮೂಲ ರೂಪ’ ಎಂಬ ಮಾತು ಕಷ್ಟಕ್ಕೆ ಬೀಳುತ್ತದೆ. ಸಾಮಾನ್ಯ ನೋಂದಣಿಯಲ್ಲಿರುವ ಕಾರಿಗೂ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ತಯಾರಕರು ನಿಗದಿಪಡಿಸಿದ ವಿವರಕ್ಕಿಂತ ನೋಂದಣಿ ಪತ್ರದ ವಿವರ ಬೇರೆಯಾಗುವಂತೆ ವಾಹನವನ್ನು ಬದಲಿಸುವುದನ್ನು ಅದು ತಡೆಯುತ್ತದೆ. ಕೊಯ್ಯುವ ಮೊದಲು ಕೊಪ್ಪಳದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಲಿಖಿತವಾಗಿ ಕೇಳಿಕೊಳ್ಳುವುದು ಜಾಣತನ. ಕಾನೂನು ಬದಿಗಿಟ್ಟರೂ, ಬೋಲ್ಟ್ ಬಿಚ್ಚಿದರೆ ಕಾರು ಮತ್ತೆ ಮೊದಲಿನಂತಾಗಬೇಕು ಎಂಬ ನಿಯಮಕ್ಕೆ ಕಟ್ಟುಬಿದ್ದು ಕೆಲಸ ಮಾಡಿಸಿದವರು ಮುಂದೆ ಪಶ್ಚಾತ್ತಾಪ ಪಡಬೇಕಾಗುವುದಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ತೂಗುವ ಕಾಯಿಲ್ ಪೆಟ್ಟಿಗೆ ನೋಡಲು ಚೆಂದವಿಲ್ಲ, ಮೊಣಕಾಲಿಗೆ ತಾಗುತ್ತದೆ. ಆದರೂ ಅದೇ ವಾಸಿ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿ ಬಿಸಿಲು ತಡೆಯುವ ಸುಲಭ ದಾರಿಯನ್ನು ಸುಪ್ರೀಂ ಕೋರ್ಟ್ 2012ರಲ್ಲಿಯೇ ಮುಚ್ಚಿದೆ.

ಒಣ ಹವೆಯ ಅನುಕೂಲ

ಖರ್ಚಿಗೆ ಕೈಹಾಕುವ ಮುನ್ನ ಇನ್ನೊಂದು ವಿಚಾರ ಗಮನಿಸಬೇಕು. ಬೀಟಲ್ ಒಳಗಿನ ಸೆಕೆಗೆಲ್ಲ ಬಿಸಿಲೇ ಕಾರಣವಲ್ಲ. ಚಳಿ ದೇಶದ ಆ ಕಾರಿನಲ್ಲಿ ಎಕ್ಸಾಸ್ಟಿನ ಶಾಖವನ್ನು ಒಳಗೆ ತರುವ ಹೀಟರ್ ದಾರಿಗಳಿವೆ. ಅವುಗಳ ಮುಚ್ಚಳದ ತಂತಿ ತುಕ್ಕು ಹಿಡಿದು ಅರ್ಧ ತೆರೆದೇ ನಿಂತರೆ, ಮೇ ತಿಂಗಳಲ್ಲಿಯೂ ಕಾಲ ಬಳಿ ಬಿಸಿ ಗಾಳಿ ಬರುತ್ತಲೇ ಇರುತ್ತದೆ. ಕಾರಿನ ಮಾಲೀಕರು ಅದನ್ನು ಕೊಪ್ಪಳದ ಸೆಕೆ ಎಂದೇ ತಿಳಿದಿರುತ್ತಾರೆ. ಆ ಮುಚ್ಚಳ ಸರಿಪಡಿಸಿ, ಹಿಂಬದಿ ಸೀಟಿನ ಹಿಂದೆ ಮತ್ತು ಮಾಡಿನ ಒಳಗೆ ಶಾಖ ತಡೆಯುವ ಹಾಸು ಹಾಕಿ, ಕಾರಿಗೆ ತಿಳಿ ಬಣ್ಣ ಇದ್ದರೆ ಅದನ್ನೇ ಉಳಿಸಿಕೊಂಡರೆ ಎಸಿಯ ಹೊರೆ ಗಣನೀಯವಾಗಿ ಇಳಿಯುತ್ತದೆ.

ನಮ್ಮ ಹವೆ ಒಣಗಿದ್ದು ಎಂಬುದೂ ಒಂದು ಅನುಕೂಲ. ಮಂಗಳೂರಿನಲ್ಲಿ ಎಸಿಯ ಶಕ್ತಿಯ ಒಂದು ಭಾಗ ಗಾಳಿಯ ತೇವವನ್ನು ನೀರಾಗಿಸುವುದರಲ್ಲಿಯೇ ಕಳೆಯುತ್ತದೆ. ಇಲ್ಲಿ ಬಹುಪಾಲು ತಣಿಸುವುದಕ್ಕೇ ಸಲ್ಲುತ್ತದೆ. ಅದೇ ಒಣ ಹವೆಯಿಂದಾಗಿ ಇನ್ನೊಂದು ಹಳೆಯ ಉಪಾಯವೂ ಇಲ್ಲಿ ನಡೆಯುತ್ತದೆ. ಅಮೆರಿಕದ ಮರುಭೂಮಿ ಸೀಮೆಯಲ್ಲಿ ಎಸಿ ಸಾಮಾನ್ಯವಾಗುವ ಮೊದಲು ಕಾರಿನ ಕಿಟಕಿಗೆ ಉರುಳೆಯಾಕಾರದ ಕೂಲರ್ ನೇತುಹಾಕುತ್ತಿದ್ದರು. ಎದುರು ಗಾಳಿ ಅದರೊಳಗೆ ನುಗ್ಗಿ, ನೀರಿನಲ್ಲಿ ನೆನೆದ ಹಾಸಿನ ಮೂಲಕ ಹಾಯ್ದು, ತಣ್ಣಗಾಗಿ ಒಳಗೆ ಬರುತ್ತಿತ್ತು. ಬೆಲ್ಟಿಲ್ಲ, ಗ್ಯಾಸಿಲ್ಲ, ಎಂಜಿನ್ನಿಗೆ ಹೊರೆಯಿಲ್ಲ. ಮನೆಯ ಕೂಲರಿನ ತತ್ವವೇ ಇದು. ಅದಕ್ಕೂ ಮೊದಲು ನಮ್ಮಲ್ಲಿ ಬಾಗಿಲಿಗೆ ಕಟ್ಟುತ್ತಿದ್ದ ಲಾವಂಚದ ತಟ್ಟಿಯ ತತ್ವವೂ ಹೌದು. 40 ಡಿಗ್ರಿ ತಾಪ, ಶೇ 20 ತೇವಾಂಶ ಇರುವ ಮಧ್ಯಾಹ್ನ ಇಂತಹ ಕೂಲರ್ 28-29 ಡಿಗ್ರಿಯ ಗಾಳಿ ಕೊಡಬಲ್ಲದು. ಎದುರು ಬದಿಯ ಗಾಜು ನಾಲ್ಕು ಬೆರಳು ತೆರೆದಿರಬೇಕು, ನೀರು ತುಂಬುತ್ತಿರಬೇಕು. ಎಡಗಡೆಯ ಕನ್ನಡಿ ಮರೆಯಾಗದಂತೆ ಕೂರಿಸಬೇಕು. ಅದು ಕಾರಿನಿಂದ ಹೊರಕ್ಕೆ ಚಾಚುವುದರಿಂದ ಊರೊಳಗೆ ಕಳಚುವುದು ಮೇಲು.

ಯಲಬುರ್ಗಾ, ಕುಷ್ಟಗಿಯ ಬಯಲಿನಲ್ಲಿ ಬೇಸಿಗೆಯ ಓಡಾಟಕ್ಕೆ ಇದು ಸಾಕಾದೀತು. ಕಾಲುವೆ ನೀರು ನಿಂತ ಗದ್ದೆಗಳ ನಡುವಿನ ಗಂಗಾವತಿಯಲ್ಲಿ ತೇವ ಹೆಚ್ಚಿದ ದಿನ, ಅಥವಾ ಮಳೆಗಾಲ ಹಿಡಿದ ಮೇಲೆ ಮೈ ಅಂಟಂಟಾಗುವುದಷ್ಟೇ ಲಾಭ. ಕಾರಿನ ಮೂಲ ರೂಪಕ್ಕೆ ಬೆಲೆ ಕೊಡುವವರು, 1200 ಸಿಸಿಯ ಸಣ್ಣ ಎಂಜಿನ್ ಇರುವವರು, 6 ವೋಲ್ಟಿನ ಕಾರಿನವರು ಎಸಿಯ ಬದಲು ಈ ದಾರಿಯನ್ನು ಮೊದಲು ಪ್ರಯತ್ನಿಸುವುದು ಮೇಲು. 1600 ಸಿಸಿಯ, 12 ವೋಲ್ಟಿನ, ಎಂಜಿನ್ ಹೊಸದಾಗಿ ಕಟ್ಟಿಸಿದ ಕಾರಾದರೆ ಎಸಿಯ ಯೋಚನೆ ಮಾಡಬಹುದು.

ಹಾಕಿಸುವುದಾದರೆ ಚಳಿಗಾಲದಲ್ಲಿಯೇ ಕೆಲಸ ಮುಗಿಸಿ, ಕಾರನ್ನು ಅಂತಿಮವಾಗಿ ಒಪ್ಪಿಕೊಳ್ಳುವುದನ್ನು ಏಪ್ರಿಲ್‌ವರೆಗೆ ಮುಂದೂಡುವುದು ಒಳ್ಳೆಯದು. ಡಿಸೆಂಬರಿನಲ್ಲಿ ಎಲ್ಲ ಎಸಿಗಳೂ ತಂಪು ಕೊಡುತ್ತವೆ. ಪರೀಕ್ಷೆಗೆ ಮಧ್ಯಾಹ್ನ ಎರಡರ ಬಿಸಿಲು ಬೇಕು, ಕಾರಿನ ತುಂಬ ಜನ ಬೇಕು. ಮೊದಲು ಎಸಿ ಹಾಕದೆ ಕುಷ್ಟಗಿಯಿಂದ ಹೊಸಪೇಟೆ ಕಡೆಯ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿ ಎಣ್ಣೆಯ ತಾಪ ಬರೆದಿಟ್ಟುಕೊಳ್ಳಬೇಕು; ಮರುದಿನ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ಎಸಿ ಹಾಕಿ ಓಡಿಸಿ ಮತ್ತೆ ಬರೆಯಬೇಕು. ಎರಡರ ಅಂತರ ಹತ್ತು ಡಿಗ್ರಿಯೊಳಗಿದ್ದು, ನಂತರ ಎಂಜಿನ್ ನಿಲ್ಲಿಸದೆ ಹತ್ತು ನಿಮಿಷ ನಿಂತಲ್ಲಿಯೇ ಬಿಟ್ಟಾಗಲೂ ಮುಳ್ಳು 120ರ ಕೆಳಗೇ ಉಳಿದರೆ ಮೆಕ್ಯಾನಿಕ್‌ಗೆ ಬಾಕಿ ಹಣ ಪಾವತಿಸಬಹುದು.